ಚಾರ್ಮಾಡಿಯಿಂದ ಮುಳ್ಳಯ್ಯನಗಿರಿಗೆ: ಹಾವಸೆಗಳ ಹಿಂದೆ ಮೂರು ಮಳೆಗಾಲ

ಮೊದಲ ಮಳೆಗಾಲ ಮುಗಿದ ಮೇಲೆ, ಅದುವರೆಗೆ ಸಂಗ್ರಹಿಸಿದ ಹಾವಸೆಗಳ ನೆಲೆಗಳನ್ನೆಲ್ಲ ನಕ್ಷೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿ ನೋಡಿದೆ. ಚುಕ್ಕೆಗಳು ಒಂದರ ಹಿಂದೊಂದು ಸಾಲುಗಟ್ಟಿ ಚಾರ್ಮಾಡಿ ಘಾಟಿಯ ರಸ್ತೆಯನ್ನು ಅದರ ತಿರುವುಗಳ ಸಮೇತ ಬಿಡಿಸಿಟ್ಟಿದ್ದವು. ಹಾವಸೆಗಳು ಎಲ್ಲಿ ಬೆಳೆಯುತ್ತವೆ ಎಂದು ತೋರಿಸಬೇಕಿದ್ದ ನಕ್ಷೆ, ನಾನು ಎಲ್ಲೆಲ್ಲಿ ವಾಹನ ನಿಲ್ಲಿಸಿದ್ದೆ ಎಂಬುದನ್ನಷ್ಟೇ ಹೇಳುತ್ತಿತ್ತು. ಒಂದು ವರ್ಷದ ದುಡಿಮೆಯ ಫಲ ಇದೇ ಎಂದು ಬೇಸರವಾದರೂ, ಮುಂದಿನ ಎರಡು ವರ್ಷ ಮಾಡಿದ ಕೆಲಸವೆಲ್ಲ ಆ ಕೆಟ್ಟ ನಕ್ಷೆಯಿಂದಲೇ ಹುಟ್ಟಿತು. ಆದ್ದರಿಂದ ಅದನ್ನು ಇಂದಿಗೂ ಹರಿದುಹಾಕಿಲ್ಲ.

ಹೆಸರಿನ ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮ ಮಾತಿನಲ್ಲಿ ಕೆರೆಯ ನೀರಿನ ಮೇಲಿನ ಹಸಿರು, ಬಚ್ಚಲ ಕಲ್ಲಿನ ಜಾರಿಕೆ, ಹಳೆಯ ಗೋಡೆಯ ಮೇಲಿನ ಮಖಮಲ್ಲಿನಂಥ ಹೊದಿಕೆ ಎಲ್ಲವೂ ‘ಪಾಚಿ’ಯೇ. ಇವುಗಳಲ್ಲಿ ಮೊದಲೆರಡು ಸಾಮಾನ್ಯವಾಗಿ ಶೈವಲಗಳು. ಕಾಂಡವನ್ನು ಹೋಲುವ ಭಾಗ, ಒಂದೇ ಜೀವಕೋಶದಷ್ಟು ತೆಳುವಾದ ಪುಟ್ಟ ಎಲೆಗಳು, ನೆಲಕ್ಕೆ ಅಂಟಿಕೊಳ್ಳುವ ಬೇರುತಂತುಗಳು, ಕಡ್ಡಿಯ ತುದಿಯಲ್ಲಿ ಬೀಜಕಗಳನ್ನು ತುಂಬಿಕೊಂಡ ಬೀಜಕಕೋಶ ಇರುವ ಮೂರನೆಯದೇ ಹಾವಸೆ. ಇದರ ಹತ್ತಿರದ ಬಂಧುಗಳಾದ ಲಿವರ್‌ವರ್ಟ್‌ಗಳನ್ನೂ ಹಾರ್ನ್‌ವರ್ಟ್‌ಗಳನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವುಗಳನ್ನು ಬಲ್ಲವರು ಬೇರೆಯೇ ಇದ್ದಾರೆ, ನನ್ನ ಕಣ್ಣು ಅವುಗಳಿಗೆ ಪಳಗಿಲ್ಲ. ಜಗತ್ತಿನಲ್ಲಿ ಸುಮಾರು 12,000 ಬಗೆಯ ಹಾವಸೆಗಳಿವೆ ಎಂದು ಸ್ಥೂಲವಾಗಿ ಲೆಕ್ಕ ಹಾಕಲಾಗಿದೆ. ಭಾರತದ ಪಾಲು ಒಂದೂವರೆ ಸಾವಿರಕ್ಕೂ ಹೆಚ್ಚು. ಅದರಲ್ಲಿ ದೊಡ್ಡ ಭಾಗ ಹಿಮಾಲಯದ ಪೂರ್ವ ತುದಿಯಲ್ಲೂ ಪಶ್ಚಿಮ ಘಟ್ಟಗಳಲ್ಲೂ ಇದೆ.

ಘಟ್ಟಗಳ ದಕ್ಷಿಣ ಭಾಗದಲ್ಲಿ ಕೆಲಸ ಬಹಳ ಹಿಂದೆಯೇ ಆರಂಭವಾಗಿತ್ತು. ಸಸ್ಯಸಂಗ್ರಾಹಕ ಪೆರೋತೆ ನೀಲಗಿರಿಯಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಮೊಂಟಾನ್ 1842ರಲ್ಲಿ ವಿವರಿಸಿದ್ದರು. ಕೊಡೈಕನಾಲ್ ಬಳಿಯ ಶೆಂಬಗನೂರಿನಲ್ಲಿದ್ದ ಪಾದ್ರಿ ಫೋರೋ ಅವರು ಸಿದ್ಧಪಡಿಸಿದ ಪಳನಿ ಬೆಟ್ಟಗಳ ಹಾವಸೆಗಳ ಪಟ್ಟಿ 1961ರಲ್ಲಿ ಪ್ರಕಟವಾಯಿತು. ನಾನು ಆರಿಸಿಕೊಂಡ ಮಧ್ಯ ಸಹ್ಯಾದ್ರಿಯ ತುಂಡಿಗೆ ಹಾಗೆ ಕೈಗೆತ್ತಿಕೊಂಡು ಹೋಲಿಸಬಹುದಾದ ಒಂದು ಪಟ್ಟಿ ನನ್ನ ಬಳಿ ಇರಲಿಲ್ಲ. ಗುರುತಿಸಲು ನೆಚ್ಚಿಕೊಂಡದ್ದು ಮುಖ್ಯವಾಗಿ ಗಂಗೂಲಿಯವರು 1969ರಿಂದ 1980ರವರೆಗೆ ಭಾಗ ಭಾಗವಾಗಿ ಹೊರತಂದ ಪೂರ್ವ ಭಾರತದ ಹಾವಸೆಗಳ ಗ್ರಂಥವನ್ನು. ಪೂರ್ವ ಭಾರತದ ಪುಸ್ತಕ ಹಿಡಿದು ಪಶ್ಚಿಮ ಘಟ್ಟದ ಸಸ್ಯಗಳನ್ನು ಗುರುತಿಸುವುದರಲ್ಲಿ ಒಂದು ಅಪಾಯವಿದೆ: ಪುಸ್ತಕದಲ್ಲಿ ಇಲ್ಲದ ಪ್ರಭೇದ ಎದುರಾದಾಗ ಅದರ ಕೀಲಿಕೈ, ಅಂದರೆ ಲಕ್ಷಣಗಳನ್ನು ಒಂದೊಂದಾಗಿ ಆರಿಸುತ್ತಾ ಹೆಸರಿಗೆ ತಲುಪಿಸುವ ಪಟ್ಟಿ, ಸುಮ್ಮನಿರುವುದಿಲ್ಲ, ಹತ್ತಿರದ ಇನ್ನೊಂದು ಹೆಸರನ್ನು ಧೈರ್ಯವಾಗಿ ಕೊಟ್ಟುಬಿಡುತ್ತದೆ.

ಎರಡನೆಯ ವರ್ಷಕ್ಕೆ ರಸ್ತೆಯ ಮೋಹ ಬಿಟ್ಟು ಗೆರೆಯೊಂದನ್ನು ಹಾಕಿಕೊಂಡೆ. ಸಮುದ್ರಮಟ್ಟದಿಂದ ಹೆಚ್ಚೇನೂ ಎತ್ತರವಿಲ್ಲದ ಚಾರ್ಮಾಡಿಯ ಬುಡದಿಂದ ಹೊರಟು, ಕೊಟ್ಟಿಗೆಹಾರ ಮತ್ತು ಮೂಡಿಗೆರೆಯ ಕಾಫಿ ಸೀಮೆಯನ್ನು ಹಾದು, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯವರೆಗೆ ಪ್ರತಿ 200 ಮೀಟರ್ ಏರಿಕೆಗೆ ಒಂದು ತಾಣ. ಪ್ರತಿ ತಾಣದಲ್ಲಿಯೂ ರಸ್ತೆಯಿಂದ ಕನಿಷ್ಠ 100 ಮೀಟರ್ ಒಳಗೆ ಹೋಗಿ ಹುಡುಕಬೇಕು, ಹುಡುಕಾಟಕ್ಕೆ ಸರಿಯಾಗಿ ಎರಡು ಗಂಟೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಸಮಯವನ್ನು ಕಟ್ಟಿಹಾಕಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು ಎಂದು ಈಗ ಅನ್ನಿಸುತ್ತದೆ. ಇಷ್ಟವಾದ ಹಳ್ಳದ ಬದಿಯಲ್ಲಿ ಅರ್ಧ ದಿನ ಕುಳಿತು, ಬರಡಾಗಿ ಕಂಡ ಗುಡ್ಡವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಬಂದವನಿಗೆ ‘ಅಲ್ಲಿ ಹಾವಸೆ ಕಡಿಮೆ’ ಎಂದು ಬರೆಯುವ ಹಕ್ಕಿಲ್ಲ, ಮತ್ತು ಮೊದಲ ವರ್ಷ ನಾನು ಮಾಡಿದ್ದು ಅದನ್ನೇ.

ಒಳಗೆ ಹೋಗಬೇಕೆಂದರೆ ಅನುಮತಿ ಬೇಕು. ಸಂರಕ್ಷಿತ ಅರಣ್ಯದಿಂದ ಒಂದು ಚಿಟಿಕೆ ಹಾವಸೆ ಕೀಳುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿಗೆ ಆನೆಯ ಕಾಡೂ ಹಾವಸೆಯ ಕಾಡೂ ಒಂದೇ. ಪತ್ರ ಬರಲು ತಡವಾದದ್ದರಿಂದ ಆ ವರ್ಷದ ಜೂನ್ ಪೂರ್ತಿ ಕೈತಪ್ಪಿತು. ಖಾಸಗಿ ತೋಟಗಳಲ್ಲಿ ಮಾಲೀಕರ ಮಾತೇ ಸಾಕಾಗಿತ್ತು. ಒಂದು ತೋಟದಲ್ಲಿ ಜೊತೆಗೆ ಬಂದ ಹಿರಿಯ ಕೆಲಸಗಾರರು ನಾನು ಬಂಡೆಗೆ ಮುಖವಿಟ್ಟು ನೋಡುವುದನ್ನು ಬಹಳ ಹೊತ್ತು ಗಮನಿಸಿ, “ಅಲ್ಲೇನು ಚಿನ್ನ ಇದೆಯಾ ಸ್ವಾಮೀ?” ಎಂದು ಕೇಳಿದರು. ಕೈಮಸೂರವನ್ನು ಅವರ ಕೈಗೇ ಕೊಟ್ಟೆ. ಆಮೇಲೆ ನೋಡಬೇಕಾದ ಬಂಡೆಗಳನ್ನು ಅವರೇ ತೋರಿಸುತ್ತಾ ಹೋದರು.

ಒಂದು ತಾಣವೆಂದರೆ ಒಂದು ಜಾಗವಲ್ಲ ಎಂಬುದು ಬೇಗನೆ ತಿಳಿಯಿತು. ಹತ್ತು ಹೆಜ್ಜೆಯೊಳಗೆ ಬರಿಮಣ್ಣು, ಒಣ ಬಂಡೆ, ನೀರು ಚಿಮ್ಮುವ ಬಂಡೆ, ಮರದ ಬುಡ, ಎದೆಯೆತ್ತರದ ಕಾಂಡ, ಬಿದ್ದ ಟೊಂಗೆ, ಕೊಳೆತ ದಿಮ್ಮಿ ಎಲ್ಲ ಇರುತ್ತವೆ ಮತ್ತು ಪ್ರತಿಯೊಂದರ ಮೇಲೂ ಬೇರೆಯದೇ ಸಮುದಾಯವಿರುತ್ತದೆ. ಮಣ್ಣಿನ ಮೇಲಿನದು ಮರಕ್ಕೆ ಏರುವುದು ಅಪರೂಪ. ಕೊಳೆತ ದಿಮ್ಮಿಯ ಪ್ರಭೇದ ಪಕ್ಕದ ಜೀವಂತ ಮರದ ಮೇಲೆ ಸಿಗದಿರುವುದೇ ಹೆಚ್ಚು. ನಾನು ಇವುಗಳನ್ನು ‘ಆಸರೆ’ ಎಂದು ಕರೆದು, ಪ್ರತಿ ತಾಣದಲ್ಲಿಯೂ ಪ್ರತಿ ಆಸರೆಯ ಮೇಲೆ 20 ಸೆಂಟಿಮೀಟರ್ ಚೌಕದ ತಂತಿಯ ಚೌಕಟ್ಟನ್ನು ಐದೈದು ಬಾರಿ ಇಟ್ಟು ಒಳಗಿದ್ದುದನ್ನು ಬರೆದುಕೊಂಡೆ. ಮೂಡಿಗೆರೆಯ ಒಂದೇ ತೋಟದೊಳಗೆ ಹಳ್ಳದ ಬಂಡೆಗೂ ಹತ್ತು ಮೀಟರ್ ಆಚೆಯ ಹಲಸಿನ ಮರಕ್ಕೂ ಇದ್ದ ವ್ಯತ್ಯಾಸ, ಎಷ್ಟೋ ಕಿಲೋಮೀಟರ್ ದೂರದ ಎರಡು ಹಳ್ಳಗಳ ಬಂಡೆಗಳ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಾಗಿತ್ತು. ಬಹುಪಾಲು ಹಾವಸೆಗಳ ಬೀಜಕಗಳು 10ರಿಂದ 20 ಮೈಕ್ರೋಮೀಟರಿನ ಆಸುಪಾಸಿನವು, ಗಾಳಿಯಲ್ಲಿ ಧೂಳಿನಂತೆ ದೂರ ಹೋಗಬಲ್ಲವು. ತಲುಪುವುದು ಅವುಗಳಿಗೆ ಕಷ್ಟವಲ್ಲ. ತಲುಪಿದ ಅಂಗೈಯಗಲದ ಜಾಗದಲ್ಲಿ ತೇವ, ನೆರಳು, ತೊಗಟೆಯ ಒರಟುತನ, ಆಮ್ಲೀಯತೆ ಹೊಂದಿಕೆಯಾಗುವುದೇ ಕಷ್ಟ.

ಕಾಫಿ ತೋಟಗಳು ಈ ಮಾತಿಗೆ ಒಂದು ವಿಚಿತ್ರ ಉದಾಹರಣೆ ಕೊಟ್ಟವು. ನಾನು ನೋಡಿದ ತೋಟಗಳಲ್ಲಿ ಅರೇಬಿಕಾ ಗಿಡಗಳ ಮುಖ್ಯ ಕಾಂಡದ ಮೇಲೆ ಹಾವಸೆ ಬಹಳ ಕಡಿಮೆಯಿತ್ತು, ಅದೇ ನೆರಳಿನ ಅತ್ತಿ, ಹಲಸಿನ ಮರಗಳ ಮೇಲೆ ದಟ್ಟವಾಗಿತ್ತು. ತೊಗಟೆಯ ರಸಾಯನದಲ್ಲಿ ಏನೋ ಇದೆ ಎಂದು ಊಹಿಸಿ ಟಿಪ್ಪಣಿ ಪುಸ್ತಕದಲ್ಲಿ ಅರ್ಧ ಪುಟ ಬರೆದೂ ಆಗಿತ್ತು. ಕಾಂಡಕೊರಕ ಹುಳು ಮೊಟ್ಟೆಯಿಡದಿರಲಿ ಎಂದು ಅರೇಬಿಕಾ ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ಆ ಅರ್ಧ ಪುಟಕ್ಕೆ ಅಡ್ಡಗೆರೆ ಎಳೆದೆ.

ಸಂಗ್ರಹದ ಕ್ರಮ ಸರಳ, ತಪ್ಪುವುದು ಇನ್ನೂ ಸರಳ. ಒಂದು ಗೊಂಚಲಿನಿಂದ ಬೆಂಕಿಪೊಟ್ಟಣದಷ್ಟು ಮಾತ್ರ ತೆಗೆದು, ಹಾಳೆಯನ್ನು ಮಡಚಿ ಮಾಡಿದ ಪೊಟ್ಟಣದಲ್ಲಿಟ್ಟು, ಸಂಖ್ಯೆ, ದಿನ, ಎತ್ತರ, ಆಸರೆ, ಮರವಾದರೆ ಅದರ ಹೆಸರು, ಬೆಳಕು ಎಷ್ಟಿತ್ತು ಎಂಬುದನ್ನು ಅಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು. ಪೆನ್ನಿನ ಶಾಯಿ ಆಗುಂಬೆಯ ಕಡೆಯ ಮಳೆಯಲ್ಲಿ ಒಂದು ಗಂಟೆಯೂ ಉಳಿಯಲಿಲ್ಲ. ಹೂಬಿಡುವ ಸಸ್ಯಗಳಂತೆ ಹಾವಸೆಯನ್ನು ಅದುಮಿ ಒಣಗಿಸಬಾರದು, ಎಲೆಗಳು ನಿಂತ ಭಂಗಿಯೇ ಗುರುತು. ನೆರಳಿನಲ್ಲಿ ಗಾಳಿಗೆ ಹರಡಿದರೆ ಸಾಕು. ಒಮ್ಮೆ ಜೋರು ಮಳೆಯಲ್ಲಿ ಅವಸರಪಟ್ಟು ಒಂದಿಡೀ ತಾಣದ ಮಾದರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ನಾಲ್ಕು ದಿನ ಮರೆತೆ. ತೆರೆದಾಗ ಬಿಳಿ ಬೂಷ್ಟು ಬಿಟ್ಟರೆ ಏನೂ ಇರಲಿಲ್ಲ. ಆ ತಾಣಕ್ಕೆ ಮತ್ತೆ ಹತ್ತಬೇಕಾಯಿತು, ಇಂಬಳಗಳಿಗೆ ಎರಡನೆಯ ಸಲ ರಕ್ತ ಕೊಡಬೇಕಾಯಿತು.

ಮಳೆಗಾಲದಲ್ಲಿ ಹಾವಸೆ ಎದ್ದು ಕಾಣುತ್ತದೆ ನಿಜ, ಆದರೆ ಬೀಜಕಕೋಶಗಳು ಬಲಿಯುವುದು ನಾನು ಕಂಡಂತೆ ಹೆಚ್ಚಾಗಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಿಂದ ಜನವರಿಯ ನಡುವೆ. ಕೋಶದ ಬಾಯಿಯ ಸುತ್ತಲಿನ ಹಲ್ಲುಗಳ ಸಾಲು ಇಲ್ಲದೆ ಎಷ್ಟೋ ಕುಲಗಳನ್ನು ಖಚಿತವಾಗಿ ಹೇಳಲಾಗದು. ಹಾಗಾಗಿ ಪ್ರತಿ ತಾಣಕ್ಕೂ ವರ್ಷಕ್ಕೆ ಎರಡು ಭೇಟಿ ಇಟ್ಟುಕೊಂಡೆ. ಬೇಸಗೆಯಲ್ಲೂ ಕೆಲವೆಡೆ ಹೋದದ್ದು ಒಳ್ಳೆಯದಾಯಿತು. ಹಾವಸೆಗಳು ನೀರನ್ನು ಹಿಡಿದಿಟ್ಟು ಕಾಪಾಡಿಕೊಳ್ಳುವ ಸಸ್ಯಗಳಲ್ಲ. ಸುತ್ತಲಿನ ಗಾಳಿ ಒಣಗಿದರೆ ತಾವೂ ಒಣಗಿ, ಉಸಿರಾಟವನ್ನೇ ಹೆಚ್ಚುಕಡಿಮೆ ನಿಲ್ಲಿಸಿ ಕಾಯುತ್ತವೆ. ಸೇತುವೆಯ ಗೋಡೆಯೊಂದರ ಮೇಲೆ ಸುಟ್ಟ ಮಸಿಯಂತಿದ್ದ ಹಕ್ಕಳೆಗೆ ನೀರು ಸಿಂಪಡಿಸಿದಾಗ, ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದ ಎಲೆಗಳು ನೋಡನೋಡುತ್ತಿದ್ದಂತೆ ಬಿಡಿಸಿಕೊಂಡು ಹಸಿರು ನಕ್ಷತ್ರಗಳಾದವು. ಅದು ಹಯೊಫಿಲಾ ಇನ್ವಲ್ಯೂಟಾ, ಹೆಸರಿನ ಎರಡನೆಯ ಪದವೇ ಆ ಒಳಸುರುಳಿಯನ್ನು ಹೇಳುತ್ತದೆ. ಮೊದಲ ಬೇಸಗೆಯಲ್ಲಿ ಇಂಥ ಕಪ್ಪು ಹಕ್ಕಳೆಗಳನ್ನು ಎಷ್ಟು ಕಡೆ ದಾಟಿ ಹೋಗಿದ್ದೆನೋ! ಅಂದಿನಿಂದ ಚೀಲದಲ್ಲಿ ಕೈಮಸೂರದ ಜೊತೆಗೆ ನೀರು ಸಿಂಪಡಿಸುವ ಪುಟ್ಟ ಬಾಟಲಿ ಇಲ್ಲದೆ ಹೊರಟಿಲ್ಲ.

ಮರದ ಯಾವ ಮಗ್ಗುಲಲ್ಲಿ ಹಾವಸೆ ಹೆಚ್ಚು ಎಂಬ ಪ್ರಶ್ನೆ ಬಹಳ ದಿನ ಕಾಡಿತು. ಶೀತ ದೇಶಗಳ ಪುಸ್ತಕಗಳು ಉತ್ತರದ ಮಗ್ಗುಲು ಎನ್ನುತ್ತವೆ, ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದ ಕಡೆಗೇ ಇರುವುದರಿಂದ ಅದು ಸರಿ. ನಮ್ಮ ಘಟ್ಟಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ನಿಯಮವನ್ನು ನಂಬಿ ಬರೀ ಉತ್ತರದ ಮಗ್ಗುಲನ್ನು ನೋಡಿದ್ದರೆ ಮೋಸ ಹೋಗುತ್ತಿದ್ದೆ. ನನ್ನ ತಾಣಗಳಲ್ಲಿ, ಅದರಲ್ಲೂ ತೆರೆದ ಇಳಿಜಾರಿನ ಮರಗಳಲ್ಲಿ, ಮಳೆಗಾಳಿ ಓರೆಯಾಗಿ ಬಂದು ಬಡಿಯುವ ಪಶ್ಚಿಮ ಮತ್ತು ನೈಋತ್ಯದ ಮಗ್ಗುಲೇ ಹೆಚ್ಚು ಹಸಿರಾಗಿತ್ತು. ದಟ್ಟ ಕಾಡಿನ ಒಳಗೆ ಮಾತ್ರ ಮಗ್ಗುಲಿನ ಭೇದ ಅಳಿಸಿಹೋಗಿ, ಕಾಂಡದ ಬಾಗು ಯಾವ ಕಡೆಗಿದೆ, ಮಳೆನೀರು ಯಾವ ಗೆರೆಯಲ್ಲಿ ಇಳಿದುಬರುತ್ತದೆ ಎಂಬುದೇ ಮುಖ್ಯವಾಗುತ್ತಿತ್ತು.

ಇನ್ನು ಹಂಚಿಕೆಯ ವಿಷಯ. ಘಟ್ಟದ ಬುಡದಲ್ಲಿ ತೆಂಗು ಮತ್ತು ಇತರ ಮರಗಳ ಕಾಂಡದ ಮೇಲೆ ಮಸಕು ಬಿಳಿಹಸಿರಿನ ದಿಂಬುಗಳಂತೆ ಕೂತಿರುವುದು ಆಕ್ಟೊಬ್ಲೆಫಾರಂ ಆಲ್ಬಿಡಂ. ಎಲೆಯ ಬಹುಭಾಗ ನೀರು ತುಂಬಿಕೊಳ್ಳುವ ಸತ್ತ, ಟೊಳ್ಳು ಜೀವಕೋಶಗಳಿಂದಾದದ್ದರಿಂದ ಆ ಬಿಳುಪು. ಬೀಜಕಕೋಶದ ಬಾಯಲ್ಲಿ ಎಂಟೇ ಹಲ್ಲುಗಳಿರುವುದರಿಂದ ಆ ಹೆಸರು. ಅದರ ನೆರೆಯಲ್ಲೇ ಎಲೆಯ ತುದಿಯಲ್ಲಿ ಮರಿಗಳ ಗೊಂಚಲನ್ನು ಹೊತ್ತ ಕ್ಯಾಲಿಂಪೆರಿಸ್ ಸಿಗುತ್ತದೆ. ಬೀಜಕಕ್ಕೆ ಕಾಯದೆ ಆ ಮರಿಗಳಿಂದಲೇ ಅದು ಹರಡುತ್ತದೆ. ಇವೆರಡೂ ನನ್ನ ಗೆರೆಯಲ್ಲಿ ಮೇಲೇರಿದಂತೆ ವಿರಳವಾಗುತ್ತಾ ಹೋಗಿ ಕಾಫಿ ಸೀಮೆಯನ್ನು ದಾಟುವ ಹೊತ್ತಿಗೆ ಕಣ್ಮರೆಯಾದವು. ಬೆಳ್ಳಿಯ ಹೊಳಪಿನ ಬ್ರಯಂ ಅರ್ಜೆಂಟಿಯಂ ಮಾತ್ರ ಬುಡದಿಂದ ತುದಿಯವರೆಗೆ, ಕಾಂಕ್ರೀಟು ಎಲ್ಲಿದೆಯೋ ಅಲ್ಲೆಲ್ಲ ಹಾಜರಿ ಹಾಕಿತು. ಅಂಟಾರ್ಕ್ಟಿಕಾದಲ್ಲೂ ಬೆಳೆಯುವ ಈ ಹಾವಸೆಗೆ ನನ್ನ 200 ಮೀಟರ್ ಮೆಟ್ಟಿಲುಗಳು ಯಾವ ಲೆಕ್ಕ?

ನಡುವಿನ ಎತ್ತರದ ನೆರಳಿನ ಮಣ್ಣುದಿಬ್ಬಗಳು ಫಿಸಿಡೆನ್ಸ್ ಕುಲದ ರಾಜ್ಯ. ಹಕ್ಕಿಯ ಗರಿಯಂತೆ ಎರಡೇ ಸಾಲಿನಲ್ಲಿ ಎಲೆಗಳು, ಪ್ರತಿ ಎಲೆಯ ಬುಡ ದೋಣಿಯಂತೆ ಇಬ್ಬಾಗವಾಗಿ ಮೇಲಿನ ಎಲೆಯನ್ನು ಅಪ್ಪಿಕೊಂಡಿರುತ್ತದೆ. ಕುಲವನ್ನು ಗುರುತಿಸಲು ಒಂದು ಕ್ಷಣ ಸಾಕು, ಪ್ರಭೇದವನ್ನು ಗುರುತಿಸಲು ಒಂದು ವಾರವೂ ಸಾಲದು. ರಸ್ತೆಗಾಗಿ ಕಡಿದ ಹಸಿ ಮಣ್ಣಿನ ಗೋಡೆಗಳಲ್ಲಿ ಪೊಗೊನೇಟಂ ಮೊದಲಿಗನಾಗಿ ಬರುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದ ಕಡೆಗಳಲ್ಲಿ ನಾನು ಹೋದಾಗ ಕೆಂಪು ಮಣ್ಣಿನ ಮೇಲೆ ಹಸಿರು ಬಣ್ಣ ಬಳಿದಂತೆ ತೆಳುವಾದ ಎಳೆಗಳ ಹಾಸು, ಅದರ ನಡುನಡುವೆ ಗಡುಸು ಎಲೆಯ ಪುಟ್ಟ ಸಸಿಗಳು ಕಂಡವು. ಬೀಜಕ ಮೊಳೆತಾಗ ಮೊದಲು ಹುಟ್ಟುವ ಆ ಎಳೆಗಳು ಬಹಳಷ್ಟು ಹಾವಸೆಗಳಲ್ಲಿ ಬೇಗ ಮಾಯವಾಗುತ್ತವೆ. ಪೊಗೊನೇಟಂನ ಹಲವು ಪ್ರಭೇದಗಳಲ್ಲಿ ಅವು ಉಳಿದುಕೊಂಡು ಮೇಲ್ಮಣ್ಣಿಗೆ ಅಂಟಿನಂತೆ ಹಿಡಿದಿರುತ್ತವೆ. ಇವು ಕುಸಿಯುವ ಗುಡ್ಡವನ್ನು ತಡೆಯುತ್ತವೆ ಎಂದು ಹೇಳುವವರಿದ್ದಾರೆ. ಮೇಲ್ಪದರದ ಕಣಗಳು ಕೊಚ್ಚಿಹೋಗುವುದನ್ನು ಒಂದಿಷ್ಟು ತಗ್ಗಿಸಬಹುದೇ ಹೊರತು, ಆಳದಿಂದ ಜಾರುವ ಗುಡ್ಡಕ್ಕೆ ಬೇರೇ ಇಲ್ಲದ ಸಸ್ಯ ಏನು ಮಾಡೀತು?

ಮುಳ್ಳಯ್ಯನಗಿರಿ ತಲುಪಿದಾಗ ನನ್ನ ಯೋಜನೆಯಲ್ಲಿದ್ದ ದೊಡ್ಡ ದೋಷ ಕಣ್ಣಿಗೆ ಬಿತ್ತು. ತೆರೆದ ಹುಲ್ಲುಗಾವಲಿನ ಬಂಡೆಗಳ ಸಂದಿನಲ್ಲಿ ಕ್ಯಾಂಪಿಲೋಪಸ್‌ನಂಥ ಗಟ್ಟಿಗರು ಇದ್ದವು. ಆದರೆ ಎತ್ತರದ ಕಾಡಿನಲ್ಲಿ ನಿರೀಕ್ಷಿಸಿದ್ದ ಸಮೃದ್ಧಿ ಕಾಣಲಿಲ್ಲ. ‘ಎತ್ತರ ಹೆಚ್ಚಿದಂತೆ ವೈವಿಧ್ಯ ಮೊದಲು ಏರಿ ಆಮೇಲೆ ಇಳಿಯುತ್ತದೆ’ ಎಂದು ಬರೆಯಲು ಕುಳಿತವನಿಗೆ, ಪಶ್ಚಿಮದಿಂದ ಪೂರ್ವಕ್ಕೆ ನಡೆದ ನನ್ನ ಗೆರೆಯಲ್ಲಿ ಎತ್ತರ ಏರುತ್ತಿದ್ದಂತೆ ಮಳೆ ಇಳಿಯುತ್ತಿತ್ತು ಎಂಬುದು ಹೊಳೆಯಿತು. ಕಡಲಗಾಳಿಯ ನೀರೆಲ್ಲ ಘಟ್ಟದ ಅಂಚಿನಲ್ಲೇ ಸುರಿದುಹೋಗಿ, ಮುಳ್ಳಯ್ಯನಗಿರಿ ಇರುವ ಬಾಬಾಬುಡನ್ ಸಾಲಿಗೆ ಸಿಗುವುದು ಅದರ ಉಳಿಕೆ. ಹಾಗಾದರೆ ನಾನು ಅಳೆದದ್ದು ಎತ್ತರವನ್ನೋ ಮಳೆಯನ್ನೋ? ಎರಡನ್ನೂ ಬೇರ್ಪಡಿಸಲು, ಅಷ್ಟೇ ಎತ್ತರದ ಆದರೆ ಮಳೆಗೆ ಎದುರಾಗಿ ನಿಂತ ಬೆಟ್ಟವೊಂದು ಬೇಕಿತ್ತು. 1,894 ಮೀಟರಿನ ಕುದುರೆಮುಖಕ್ಕಾಗಿ ಹೊಸದಾಗಿ ಅರ್ಜಿ ಬರೆದು, ಮೂರನೆಯ ವರ್ಷವನ್ನು ಆ ಕಡೆಗೆ ಮೀಸಲಿಟ್ಟೆ.

ಅಲ್ಲಿನ ಶೋಲಾ ಕಾಡಿನೊಳಗೆ, ಅಂದರೆ ಎತ್ತರದ ಹುಲ್ಲುಗಾವಲುಗಳ ನಡುವಿನ ಕಣಿವೆಯ ಕಾಡಿನೊಳಗೆ, ಕಾಲಿಟ್ಟ ಮೊದಲ ಬೆಳಿಗ್ಗೆ ಬರೆದ ಟಿಪ್ಪಣಿಯಲ್ಲಿ ಅಂಕಿಗಳಿಗಿಂತ ಉದ್ಗಾರಗಳೇ ಹೆಚ್ಚಿವೆ. ಕುಳ್ಳ ಮರಗಳ ಡೊಂಕು ಕೊಂಬೆಗಳಿಂದ ಮೀಟಿಯೊರಿಯೇಸೀ ಕುಟುಂಬದ ಹಾವಸೆಗಳು ಗಡ್ಡದಂತೆ ಮೊಳದುದ್ದ ಜೋತಾಡುತ್ತಿದ್ದವು. ನೆಲದ ಸಂಪರ್ಕವೇ ಇಲ್ಲದ ಇವು ನೀರು ಪಡೆಯುವುದು ಮಳೆ ಮತ್ತು ಮಂಜಿನಿಂದ, ಪೋಷಕಾಂಶವೂ ಆ ನೀರಿನೊಡನೆ, ಎಲೆಗಳಿಂದ ತೊಟ್ಟಿಕ್ಕುವ ಹನಿಗಳೊಡನೆ ಬಂದದ್ದೇ. ಕಾಡಿನ ಅಂಚು ದಾಟಿ ಹುಲ್ಲುಗಾವಲಿಗೆ ಬಂದರೆ ಇಪ್ಪತ್ತು ಹೆಜ್ಜೆಯೊಳಗೆ ಅವೆಲ್ಲ ನಿಂತುಹೋಗುತ್ತಿದ್ದವು. ಎತ್ತರವೂ ಮಳೆಯೂ ಎರಡು ಕಡೆ ಒಂದೇ, ಬದಲಾದದ್ದು ನೆರಳು ಮತ್ತು ಗಾಳಿ ಮಾತ್ರ. ಎರಡು ಬೆಟ್ಟಗಳನ್ನು ಒಂದೇ ಎತ್ತರದಲ್ಲಿ ಹೋಲಿಸಿದಾಗ ಮರಗಳ ಮೇಲಿನ ಹಾವಸೆಗಳಲ್ಲಿ ವ್ಯತ್ಯಾಸ ಬಹಳ ದೊಡ್ಡದಿತ್ತು, ತೆರೆದ ಬಂಡೆಗಳ ಮೇಲಿನವುಗಳಲ್ಲಿ ಅಷ್ಟಿರಲಿಲ್ಲ. ಮರದ ಮೇಲಿನವು ಮಂಜನ್ನು ಅನುಸರಿಸುತ್ತವೆ, ಬಂಡೆಯ ಮೇಲಿನವು ಹೇಗೂ ಒಣಗಿ ಕಾಯುವುದನ್ನು ರೂಢಿಸಿಕೊಂಡವು ಎಂದು ಇದನ್ನು ಓದಿಕೊಂಡಿದ್ದೇನೆ. ಇನ್ನೂ ಒಂದೆರಡು ಬೆಟ್ಟಗಳನ್ನು ನೋಡದೆ ಈ ಮಾತಿಗೆ ಗಟ್ಟಿಯಾಗಿ ಅಂಟಿಕೊಳ್ಳಲಾರೆ.

ಬೆಟ್ಟ ಹತ್ತಿದ ಒಂದು ದಿನಕ್ಕೆ ಸೂಕ್ಷ್ಮದರ್ಶಕದ ಮುಂದೆ ಹತ್ತು ದಿನ ಎಂಬುದು ನನ್ನ ಲೆಕ್ಕ. ಎಲೆಯನ್ನು ಬ್ಲೇಡಿನಿಂದ ಅಡ್ಡಡ್ಡ ತೆಳುವಾಗಿ ಕೊಯ್ದು ನಡುನರದ ರಚನೆಯನ್ನು ನೋಡಬೇಕು, ಜೀವಕೋಶಗಳ ಮೈಮೇಲೆ ಗುಬುಟುಗಳಿವೆಯೇ, ಇದ್ದರೆ ಒಂದೋ ಹಲವೋ ಎಂದು ಎಣಿಸಬೇಕು. ಒಂದು ಪೊಟ್ಟಣ ಹೀಗೆ ಮೂರು ವಾರ ನನ್ನನ್ನು ಆಟವಾಡಿಸಿತು. ಎಲೆ ಒಂದು ಕುಲವನ್ನು ಹೇಳಿದರೆ ಬೀಜಕಕೋಶ ಇನ್ನೊಂದನ್ನೇ ಹೇಳುತ್ತಿತ್ತು, ಪುಸ್ತಕದಲ್ಲಿ ಎಲ್ಲೂ ಇಲ್ಲದ ಸಸ್ಯ ಸಿಕ್ಕಿದೆ ಎಂಬ ಸಂಭ್ರಮವೂ ಒಳಗೊಳಗೆ ಮೊಳೆತಿತ್ತು. ಕೊನೆಗೆ ಗೊಂಚಲನ್ನು ನೀರಿನಲ್ಲಿ ನೆನೆಸಿ ಒಂದೊಂದೇ ಕಾಂಡವನ್ನು ಬಿಡಿಸಿದಾಗ, ಕೋಶ ಹೊತ್ತ ಕಡ್ಡಿ ನಾನು ನೋಡುತ್ತಿದ್ದ ಸಸ್ಯದ್ದೇ ಅಲ್ಲ, ಅದರೊಳಗೆ ಹೆಣೆದುಕೊಂಡು ಬೆಳೆದ ಬೇರೊಂದು ಹಾವಸೆಯದ್ದು ಎಂದು ತಿಳಿಯಿತು. ಗೊಂಚಲಿನಲ್ಲಿ ಒಂದೇ ಪ್ರಭೇದವಿದೆ ಎಂದು ಭಾವಿಸಬಾರದು. ಕಡ್ಡಿ ಹುಟ್ಟಿದ ಕಾಂಡವನ್ನು ಕಣ್ಣಾರೆ ಕಾಣದೆ ಆ ಎಲೆಗೆ ಆ ಕೋಶವನ್ನು ಗಂಟುಹಾಕಬಾರದು. ಹಳೆಯ ಪೊಟ್ಟಣಗಳನ್ನೆಲ್ಲ ಮತ್ತೆ ತೆರೆದು ನೋಡಿದಾಗ ಇದೇ ತಪ್ಪು ಇನ್ನೂ ಕೆಲವು ಕಡೆ ಆಗಿತ್ತು.

ಒಟ್ಟು ಎಷ್ಟು ಬಗೆ ಸಿಕ್ಕವು ಎಂದು ಕೇಳಿದವರಿಗೆ ನಾನು ಸಂಖ್ಯೆ ಕೊಡುವುದಿಲ್ಲ. ಕುಲದ ಮಟ್ಟದಲ್ಲೇ ನಿಂತ ಪೊಟ್ಟಣಗಳು, ಅದರಲ್ಲೂ ಫಿಸಿಡೆನ್ಸ್‌ನವು, ಇನ್ನೂ ಪೆಟ್ಟಿಗೆಯಲ್ಲಿವೆ. ಅವುಗಳನ್ನು ಸೇರಿಸಿದರೆ ಒಂದು ಸಂಖ್ಯೆ, ಬಿಟ್ಟರೆ ಇನ್ನೊಂದು. ಅದಕ್ಕಿಂತ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ‘ಹುಡುಕಿದೆ, ಸಿಗಲಿಲ್ಲ’ ಎಂದು ಬರೆದ ಸಾಲುಗಳು. ಮುಂದೆ ಯಾರಾದರೂ ಅದೇ ತಾಣದಲ್ಲಿ, ಅದೇ ಆಸರೆಯ ಮೇಲೆ, ಎರಡು ಗಂಟೆ ಹುಡುಕಿ ಆಕ್ಟೊಬ್ಲೆಫಾರಂ ಕಂಡರೆ ಅದು ಮೇಲಕ್ಕೆ ಏರಿದೆ ಎಂದು ಹೇಳಬಹುದು. ಆ ಸಾಲು ಇಲ್ಲದಿದ್ದರೆ, ನಾನು ಆ ಮರವನ್ನು ನೋಡಿಯೇ ಇರಲಿಲ್ಲವೆಂದೂ ಹೇಳಬಹುದು. ಗುರುತಿಸಿದ ಮಾದರಿಗಳಲ್ಲಿ ಒಂದೊಂದು ಪಾಲನ್ನು ಒಣಗಿಸಿದ ಸಸ್ಯಗಳನ್ನು ಕಾಪಿಡುವ ಸಾರ್ವಜನಿಕ ಹರ್ಬೇರಿಯಂಗೆ ಒಪ್ಪಿಸಿದ್ದೇನೆ, ನನ್ನ ಹೆಸರಿಡುವಿಕೆ ತಪ್ಪಿದ್ದರೆ ತಿದ್ದುವವರಿಗೆ ಸಸ್ಯವಾದರೂ ಸಿಗಲಿ ಎಂದು.

ಕುದುರೆಮುಖದ ಕಡೆಯ ಒಂದು ಹಳ್ಳದ ಬಂಡೆಯ ಮೇಲಿನ ಕಡುಹಸಿರು ಹಾವಸೆಯೊಂದಕ್ಕೆ ಮೂರು ಭೇಟಿಗಳಲ್ಲೂ ಬೀಜಕಕೋಶ ಇರಲಿಲ್ಲ. ಹಾವಸೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಗಂಡು ಹೆಣ್ಣು ಸಸ್ಯಗಳು ಬೇರೆಬೇರೆ; ಆ ಬಂಡೆಯ ಮೇಲಿರುವುದೆಲ್ಲ ಒಂದೇ ಲಿಂಗದವಾಗಿದ್ದರೆ ಅದು ಎಂದಿಗೂ ಕೋಶ ಬಿಡಲಾರದು. ಈ ಸಲ ಹಳ್ಳದ ಗುಂಟ ಇನ್ನೂ ಮೇಲಕ್ಕೆ ಹೋಗಿ, ಇನ್ನೊಂದು ಲಿಂಗದ ಸಸ್ಯ ಇದೆಯೇ ಎಂದು ಹುಡುಕಬೇಕು. ಜನವರಿಗೆ ಅನುಮತಿ ಕೇಳಿ ಪತ್ರ ಬರೆದಿದ್ದೇನೆ.